‘ಕಲಿ’ ಎಂದು ಗದರಿದವರೇ, ಕಲಿಸಿದ್ದೆಷ್ಟು?

ಕನ್ನಡದ ತರುಣ ಗೆಳೆಯರೇ,

ಎದೆ ಮುಟ್ಟಿಕೊಂಡು ಒಂದು ಮಾತು ಹೇಳಿ. ಈ ಊರಿಗೆ ಹೊಟ್ಟೆಪಾಡಿಗೆಂದು ಬಂದವನಿಗೆ ‘ಕನ್ನಡ ಕಲಿ’ ಎಂದು ನೀವು ಎಷ್ಟು ಸಲ ಹೇಳಿದ್ದೀರಿ? ನೂರು ಸಲ? ಇನ್ನೂರು ಸಲ? ಇರಲಿ. ಅದೇ ಮನುಷ್ಯನನ್ನು ಎದುರಿಗೆ ಕೂರಿಸಿಕೊಂಡು ಹತ್ತು ಕನ್ನಡದ ಮಾತು ಕಲಿಸಿದ್ದು ಎಷ್ಟು ಸಲ?

ಯಾಕೆ ಸುಮ್ಮನಾದಿರಿ?

ನಾನು ಮೇಷ್ಟರಲ್ಲ, ಪ್ರೊಫೆಸರಲ್ಲ. ಪಿಯುಸಿ ಮುಗಿಸಿ ಅಪ್ಪನ ಟ್ರೆಡಲ್ ಮೆಷಿನ್ನಿನ ಪಕ್ಕ ನಿಂತವನು, ಈಗ ಆಫ್‌ಸೆಟ್ ಇಟ್ಟುಕೊಂಡಿರುವ ಮುದ್ರಕ. ಅಕ್ಟೋಬರ್ ಅರ್ಧ ಕಳೆಯಿತೆಂದರೆ ನಮ್ಮ ಪ್ರೆಸ್ಸಿನಲ್ಲಿ ಟೀ ಕುಡಿಯುವುದಕ್ಕೂ ಪುರುಸೊತ್ತಿರುವುದಿಲ್ಲ. ರಾಜ್ಯೋತ್ಸವದ ಪೋಸ್ಟರು, ಕರಪತ್ರ, ಚಂದಾ ರಸೀದಿ ಪುಸ್ತಕ, ಆಹ್ವಾನ ಪತ್ರಿಕೆ! ‘ಕನ್ನಡ ಕಲಿಯಿರಿ, ಇಲ್ಲವೇ ಗಂಟುಮೂಟೆ ಕಟ್ಟಿರಿ’ ಎಂಬ ಸಾಲನ್ನು ದಪ್ಪಕ್ಷರದಲ್ಲಿ ಎಷ್ಟು ಸಾವಿರ ಪ್ರತಿ ಅಚ್ಚು ಹಾಕಿದ್ದೇನೋ ಲೆಕ್ಕವಿಲ್ಲ. ಆದರೆ ‘ಅಣ್ಣಾ, ಹೊರಗಿನಿಂದ ಬಂದವರಿಗೆ ಕನ್ನಡ ಕಲಿಸಬೇಕು, ಒಂದು ಪಾಠದ ಹಾಳೆ ಮಾಡಿಕೊಡಿ’ ಎಂದು ಇಷ್ಟು ವರ್ಷದಲ್ಲಿ ಒಂದು ಸಂಘದವರೂ ನನ್ನ ಬಾಗಿಲಿಗೆ ಬಂದಿಲ್ಲ. ಒಂದೇ ಒಂದು ಸಂಘ!

ಬಿತ್ತದೆ ಬೆಳೆ ಕೇಳುವ ರೈತನನ್ನು ಎಲ್ಲಾದರೂ ಕಂಡಿದ್ದೀರಾ? ನಮ್ಮ ಕನ್ನಡ ಸಂಘಗಳಲ್ಲಿ ಕಾಣಬಹುದು.

ಇದೇನು ಹೊಸ ರಾಗ ಎಂದು ಮೂಗು ಮುರಿಯಬೇಡಿ. ನಾವು ದಿನಾ ಬೈಯುವ ಇಂಗ್ಲಿಷಿನವರ ಮನೆಯಲ್ಲಿ ಏನು ನಡೆಯಿತು ಎಂದು ಮೊದಲು ನೋಡೋಣ. ಎದುರಾಳಿಯ ಗರಡಿಯಲ್ಲೂ ಕಲಿಯುವಂಥ ಪಟ್ಟು ಇರುತ್ತದೆ.

ಐವತ್ತು ಪದಗಳ ಬೇಲಿ

ಆಸ್ಟ್ರೇಲಿಯಾ ೧೯೦೧ರಲ್ಲಿ ಒಂದು ಕಾಯ್ದೆ ಮಾಡಿತು. ಹಡಗಿನಿಂದ ಇಳಿಯುವವನಿಗೆ ಅಧಿಕಾರಿ ೫೦ ಪದಗಳ ಉಕ್ತಲೇಖನ ಕೊಡಬಹುದು. ಯಾವ ಭಾಷೆಯಲ್ಲಿ? ಯುರೋಪಿನ ಯಾವುದಾದರೂ ಭಾಷೆಯಲ್ಲಿ, ಅದೂ ಅಧಿಕಾರಿ ಆರಿಸಿದ್ದರಲ್ಲಿ! ಬಂದವನಿಗೆ ಇಂಗ್ಲಿಷ್ ಬರುತ್ತದೆಯೇ, ಹಾಗಾದರೆ ಅವನಿಗೆ ಬಾರದ ಇನ್ನೊಂದು ಭಾಷೆಯಲ್ಲಿ ಕೊಡು. ಕಪ್ಪು, ಕಂದು, ಹಳದಿ ಚರ್ಮದವರು ಒಳಗೆ ಕಾಲಿಡಬಾರದು ಎಂಬುದೇ ಅದರ ಗುರಿ. ೧೯೩೪ರಲ್ಲಿ ಹಿಟ್ಲರನ ವಿರುದ್ಧ ಮಾತಾಡುತ್ತಿದ್ದ ಎಗಾನ್ ಕಿಶ್ ಎಂಬ ಪ್ರಾಗ್ ನಗರದ ಪತ್ರಕರ್ತ ಬಂದ. ಅವನಿಗೆ ಎಷ್ಟೋ ಭಾಷೆ ಬರುತ್ತಿತ್ತು. ಏನು ಮಾಡುವುದು? ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಲ್ಲಿ ಪರೀಕ್ಷೆ ಕೊಟ್ಟು ‘ಫೇಲು’ ಎಂದರು. ಕೊನೆಗೆ ಅಲ್ಲಿಯ ಹೈಕೋರ್ಟೇ ಈ ಪರೀಕ್ಷೆ ಕಾಯ್ದೆಗೆ ಒಪ್ಪುವುದಿಲ್ಲ ಎಂದು ತಳ್ಳಿಹಾಕಿತು. ಈ ಪರೀಕ್ಷೆ ಕಾಯ್ದೆಯ ಪುಸ್ತಕದಿಂದ ಹೋದದ್ದು ೧೯೫೮ರಲ್ಲಿ.

ಭಾಷೆಯನ್ನು ಬೇಲಿ ಮಾಡಿದರೆ ಆಗುವುದು ಇದೇ. ಆ ಅರ್ಧ ಶತಮಾನದಲ್ಲಿ ಆ ಉಕ್ತಲೇಖನದಿಂದ ಒಬ್ಬನಾದರೂ ಇಂಗ್ಲಿಷ್ ಕಲಿತನೇ? ಇಲ್ಲ. ಬೇಲಿ ಯಾರಿಗೂ ಪಾಠ ಹೇಳುವುದಿಲ್ಲ.

ಈಗ ಕಥೆಯ ಇನ್ನೊಂದು ಮಗ್ಗುಲು ಕೇಳಿ. ಎರಡನೇ ಮಹಾಯುದ್ಧ ಮುಗಿಯಿತು. ಕಾರ್ಖಾನೆಗೆ, ಅಣೆಕಟ್ಟಿಗೆ, ರೈಲು ಹಳಿಗೆ ಕೈಗಳು ಬೇಕಾದವು. ಯುರೋಪಿನಲ್ಲಿ ಮನೆಮಠ ಕಳೆದುಕೊಂಡವರನ್ನು ಅದೇ ಆಸ್ಟ್ರೇಲಿಯಾ ಹಡಗು ಹಡಗಾಗಿ ಕರೆಸಿಕೊಂಡಿತು. ಪೋಲೆಂಡಿನವರು, ಉಕ್ರೇನಿನವರು, ಬಾಲ್ಟಿಕ್ ಕಡೆಯವರು. ಇಂಗ್ಲಿಷಿನ ಗಂಧವಿಲ್ಲ. ಆಗ ಸರ್ಕಾರ ಪೋಸ್ಟರ್ ಅಂಟಿಸಿ ಕೂರಲಿಲ್ಲ. ೧೯೪೮ರಲ್ಲಿ ವಯಸ್ಕ ವಲಸಿಗರಿಗೆ ಇಂಗ್ಲಿಷ್ ಕಲಿಸುವ ಯೋಜನೆ ಹಾಕಿತು. ಬರುವ ಹಡಗಿನಲ್ಲೇ ಪಾಠ. ಇಳಿದ ಮೇಲೆ ಬೋನೆಗಿಲ್ಲಾ ಎಂಬ ಹಳೆಯ ಸೈನ್ಯದ ಶಿಬಿರದಲ್ಲಿ ಪಾಠ. ಕೆಲಸಕ್ಕೆ ಸೇರಿದವರಿಗೆ ಸಂಜೆ ತರಗತಿ. ದೂರದವರಿಗೆ ಅಂಚೆಯಲ್ಲಿ ಪಾಠ, ರೇಡಿಯೋದಲ್ಲಿ ಪಾಠ. ೧೯೭೧ರಲ್ಲಿ ಇದಕ್ಕೊಂದು ಕಾಯ್ದೆಯ ಆಸರೆ ಬಂತು. ಮುಂದೆ ಒಬ್ಬೊಬ್ಬ ವಲಸಿಗನಿಗೆ ೫೧೦ ಗಂಟೆ ಪುಕ್ಕಟೆ ಪಾಠ ಎಂದು ನಿಗದಿಯಾಯಿತು. ೨೦೨೧ರಲ್ಲಿ ಆ ಗಂಟೆಗಳ ಮಿತಿಯನ್ನೂ ತೆಗೆದರು. ತಾಯಿ ಪಾಠಕ್ಕೆ ಕೂತಾಗ ಕೂಸನ್ನು ನೋಡಿಕೊಳ್ಳುವ ಏರ್ಪಾಡೂ ಅದರಲ್ಲೇ ಸೇರಿದೆ.

ಅವರೇನು ದೇವರಂಥ ಜನ ಎಂದು ನಾನು ಹೇಳುತ್ತಿಲ್ಲ. ೧೯೪೮ರಲ್ಲೂ ಬಾಗಿಲು ತೆರೆದದ್ದು ಬಿಳಿಯರಿಗೆ ಮಾತ್ರ. ಆ ನೆಲದ ಮೂಲನಿವಾಸಿಗಳ ಭಾಷೆಗಳನ್ನು ತುಳಿದ ಪಾಪ ಬೇರೆ. ದಯೆಯಿಂದ ಮಾಡಲಿಲ್ಲ, ಲೆಕ್ಕ ಹಾಕಿ ಮಾಡಿದರು. ಆದರೆ ಲೆಕ್ಕ ಸರಿಯಾಗಿತ್ತು. ಬಂದವನು ನಮ್ಮ ಭಾಷೆಗೆ ಬರಬೇಕಾದರೆ ನಾವು ಅವನಿಗೆ ದಾರಿ ಮಾಡಿಕೊಡಬೇಕು ಎಂಬ ಲೆಕ್ಕ.

ಕೆನಡಾದಲ್ಲಿ ೧೯೯೨ರಿಂದ ಇಂಥದೇ ಯೋಜನೆ ಇದೆ. ಅವರು ಭಾಷೆಯನ್ನು ೧೨ ಮೆಟ್ಟಿಲು ಮಾಡಿ ಇಟ್ಟಿದ್ದಾರೆ. ಮೊದಲನೇ ಮೆಟ್ಟಿಲಲ್ಲಿ ವ್ಯಾಕರಣ ಇಲ್ಲ, ಸಾಹಿತ್ಯ ಇಲ್ಲ. ನಮಸ್ಕಾರ ಹೇಳಬೇಕು, ಹೆಸರು ವಿಳಾಸ ಹೇಳಬೇಕು, ‘ಇಲ್ಲಿ ಕೂತುಕೊಳ್ಳಿ, ಬಾಗಿಲು ಹಾಕಿ’ ಎಂದರೆ ಅರ್ಥವಾಗಬೇಕು. ಅಷ್ಟೇ! ಅಮೆರಿಕದ ಎಷ್ಟೋ ಸಾರ್ವಜನಿಕ ಗ್ರಂಥಾಲಯಗಳಲ್ಲಿ ವಲಸೆ ಬಂದವರಿಗೆ ಪುಕ್ಕಟೆ ಇಂಗ್ಲಿಷ್ ತರಗತಿ ನಡೆಯುತ್ತದೆ. ಗಂಡನ ಕೆಲಸದ ಹಿಂದೆ ಅಲ್ಲಿಗೆ ಹೋದ ನಮ್ಮ ಹಾಸನದ, ಧಾರವಾಡದ ಹೆಣ್ಣುಮಗಳೂ ಹೋಗಿ ಕೂರಬಹುದು. ನಮ್ಮವರಿಗೆ ಅಲ್ಲಿ ಸಿಗುವ ಆ ಕುರ್ಚಿ, ಇಲ್ಲಿಗೆ ಬಂದವರಿಗೆ ನಮ್ಮ ಕೈಯಿಂದ ಎಲ್ಲಿ ಸಿಗುತ್ತದೆ?

ಗದರಿಸಿದ ಗವರ್ನರ್ ಏನು ಗಳಿಸಿದ?

‘ಗದರಿಸದೇ ಯಾರೂ ಕಲಿಯುವುದಿಲ್ಲ ಸಾರ್’ ಎನ್ನುವ ಗೆಳೆಯರು ನಮ್ಮಲ್ಲಿ ಬಹಳ. ಅವರಿಗೆ ಅಯೋವಾದ ಕಥೆ ಹೇಳಬೇಕು. ಅಮೆರಿಕದ ಆ ರಾಜ್ಯದ ಗವರ್ನರ್ ವಿಲಿಯಂ ಹಾರ್ಡಿಂಗ್ ೧೯೧೮ರಲ್ಲಿ ಒಂದು ಘೋಷಣೆ ಹೊರಡಿಸಿದ. ಶಾಲೆಯಲ್ಲಿ ಇಂಗ್ಲಿಷ್ ಮಾತ್ರ. ಚರ್ಚಿನ ಪ್ರವಚನದಲ್ಲಿ ಇಂಗ್ಲಿಷ್ ಮಾತ್ರ. ರೈಲಿನಲ್ಲಿ, ಬೀದಿಯಲ್ಲಿ, ಟೆಲಿಫೋನಿನಲ್ಲಿ ಕೂಡ ಇಂಗ್ಲಿಷ್ ಮಾತ್ರ! ಟೆಲಿಫೋನಿನಲ್ಲಿ ತಾಯಿಯ ಹತ್ತಿರ ತಾಯಿನುಡಿಯಲ್ಲಿ ಮಾತಾಡಿದರೂ ತಪ್ಪು. ಪಕ್ಕದ ನೆಬ್ರಾಸ್ಕಾ ೧೯೧೯ರಲ್ಲಿ ಚಿಕ್ಕ ಮಕ್ಕಳಿಗೆ ಬೇರೆ ಭಾಷೆ ಕಲಿಸುವುದನ್ನೇ ಅಪರಾಧ ಮಾಡಿತು. ೧೯೨೩ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಆ ಕಾಯ್ದೆಯನ್ನು ಹೊಡೆದುಹಾಕಿತು. ಹಾರ್ಡಿಂಗನ ಘೋಷಣೆ ಈಗ ಇತಿಹಾಸದ ಪುಸ್ತಕದಲ್ಲಿ ನಾಚಿಕೆಯ ಪುಟ.

ಅದೇ ಕಾಲದಲ್ಲಿ ಪೀಟರ್ ರಾಬರ್ಟ್ಸ್ ಎಂಬಾತ ಅದೇ ಅಮೆರಿಕದ ವಲಸೆ ಕೂಲಿಗಳಿಗೆ ಸಂಜೆ ಹೊತ್ತು ಪಾಠ ಕಟ್ಟುತ್ತಿದ್ದ. ಅವನ ಪಾಠದ ವಿಷಯ ಏನು ಗೊತ್ತೇ? ಬೆಳಿಗ್ಗೆ ಏಳುವುದು. ಒಲೆ ಹಚ್ಚುವುದು. ಕೆಲಸಕ್ಕೆ ಹೋಗುವುದು. ‘ಏಳುತ್ತೇನೆ, ದೀಪ ಹಚ್ಚುತ್ತೇನೆ, ಅಂಗಿ ಹಾಕಿಕೊಳ್ಳುತ್ತೇನೆ’ ಎಂಬಂಥ ಮಾತನ್ನು ಮಾಡಿ ತೋರಿಸುತ್ತಾ ಹೇಳಿಸುವುದು. ದುಡಿದು ದಣಿದವನು ದಿನಾ ಮಾಡುವ ಕೆಲಸಕ್ಕೇ ಹೊಸ ಭಾಷೆಯ ಮಾತು ಜೋಡಿಸಿದ. ಘೋಷಣೆ ಹೊರಡಿಸಿದವನಿಗೂ ಪಾಠ ಜೋಡಿಸಿದವನಿಗೂ ಇರುವ ವ್ಯತ್ಯಾಸ ಇದು.

ಇನ್ನೊಂದು ಎಚ್ಚರಿಕೆಯೂ ಆ ನೆಲದಲ್ಲೇ ಇದೆ. ೧೯೧೪ರಲ್ಲಿ ಹೆನ್ರಿ ಫೋರ್ಡ್ ತನ್ನ ಮೋಟಾರು ಕಾರ್ಖಾನೆಯ ಪರದೇಶಿ ಕಾರ್ಮಿಕರಿಗೆ ಇಂಗ್ಲಿಷ್ ಶಾಲೆ ತೆಗೆದ. ಒಳ್ಳೆಯದೇ. ಆದರೆ ಪಾಠ ಮುಗಿದ ದಿನ ಒಂದು ನಾಟಕ. ಕಾರ್ಮಿಕರು ತಮ್ಮೂರಿನ ಉಡುಪಿನಲ್ಲಿ ದೊಡ್ಡ ಕೊಪ್ಪರಿಗೆಯೊಳಗೆ ಇಳಿಯಬೇಕು, ಅಮೆರಿಕದ ಸೂಟು ಹಾಕಿ ಬಾವುಟ ಹಿಡಿದು ಹೊರಗೆ ಬರಬೇಕು! ಭಾಷೆ ಕೊಡುವ ನೆಪದಲ್ಲಿ ಅವನ ಊರನ್ನೇ ಕಿತ್ತುಕೊಳ್ಳುವ ಆಟ. ಹಿಂದಿ ಹೇರಿಕೆಯ ಬಿಸಿ ಉಂಡ ನಮಗೆ ಈ ಆಟ ಗೊತ್ತಿರಬೇಕು. ಕನ್ನಡ ಕಲಿಸುವುದು ಎಂದರೆ ಅವನ ಒಡಿಯಾ, ಅವನ ಭೋಜಪುರಿ, ಅವನ ನೇಪಾಳಿ ಕಸಿಯುವುದಲ್ಲ. ಅವನ ಬಾಯಲ್ಲಿ ಇನ್ನೊಂದು ಭಾಷೆಗೆ ಜಾಗ ಮಾಡುವುದು.

‘ನಾವ್ಯಾಕೆ ಕಲಿಸಬೇಕು?’

ಈ ಪ್ರಶ್ನೆ ಬಂದೇ ಬರುತ್ತದೆ. ‘ಬಂದವನು ಅವನು. ಬೇಕಿದ್ದರೆ ಕಲಿಯಲಿ. ನಾವ್ಯಾಕೆ ಅವನ ಕಾಲಿಗೆ ಬೀಳಬೇಕು?’

ಎರಡು ಬಗೆಯ ಜನರನ್ನು ಬೇರೆ ಬೇರೆ ಮಾಡಿ ನೋಡಿ. ಇಪ್ಪತ್ತು ವರ್ಷದಿಂದ ಇಲ್ಲೇ ಇದ್ದು, ಸೈಟು ಕೊಂಡು, ಮನೆ ಕಟ್ಟಿ, ಮಕ್ಕಳ ಮದುವೆಯನ್ನೂ ಮಾಡಿ, ‘ಕನ್ನಡ್ ಗೊತ್ತಿಲ್ಲ’ ಎಂದು ನಗುವ ಸಾಹೇಬರು ಒಂದು ಬಗೆ. ಬ್ಯಾಂಕಿನ ಕೌಂಟರಿನಲ್ಲಿ ಕೂತು ನಮ್ಮ ಅಜ್ಜಿಯನ್ನು ಹಿಂದಿಯಲ್ಲಿ ಗದರುವವರು ಅದೇ ಬಗೆ. ಅವರ ಮುಂದೆ ನಿಂತು ಕೇಳುವುದು ನಮ್ಮ ಹಕ್ಕು. ಕೌಂಟರಿನಲ್ಲಿ ಕೂತವನಿಗೆ ಜನರ ಭಾಷೆ ಬರಲೇಬೇಕು. ಅದರಲ್ಲಿ ರಿಯಾಯಿತಿ ಇಲ್ಲ.

ಆದರೆ ಇನ್ನೊಂದು ಬಗೆ ಇದೆ. ಮೆಟ್ರೋ ಕಂಬದ ಕೆಳಗೆ ಕಬ್ಬಿಣ ಕಟ್ಟುವವನು. ಪೀಣ್ಯದ ಶೆಡ್ಡಿನಲ್ಲಿ ಲೇತ್ ತಿರುಗಿಸುವವನು. ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಹೊಲಿಯುವವಳು. ತಗಡಿನ ಮನೆಯಲ್ಲಿ ಹತ್ತು ಜನರ ಜೊತೆ ಮಲಗಿ, ಮೇಸ್ತ್ರಿ ಹೇಳಿದ ಕಡೆ ಹೋಗಿ, ಮೇಸ್ತ್ರಿ ಕೊಟ್ಟಷ್ಟು ಎಣಿಸಿಕೊಳ್ಳುವವನು. ಅವನಿಗೆ ‘ಕಲಿ’ ಎಂದರೆ ಎಲ್ಲಿ ಕಲಿಯಬೇಕು? ಯಾರ ಹತ್ತಿರ? ಯಾವ ಹೊತ್ತಿನಲ್ಲಿ?

ಇಲ್ಲೇ ನಮ್ಮ ಸ್ವಾರ್ಥವೂ ಇದೆ ಗೆಳೆಯರೇ, ಕಿವಿಗೊಟ್ಟು ಕೇಳಿ. ಭಾಷೆ ಬಾರದವನನ್ನು ಅಗ್ಗಕ್ಕೆ ದುಡಿಸಿಕೊಳ್ಳುವುದು ಸುಲಭ. ಅವನು ಬಾಕಿ ಕೂಲಿ ಕೇಳುವುದಿಲ್ಲ, ಕಾರ್ಮಿಕ ಇಲಾಖೆಯ ಬಾಗಿಲು ತಟ್ಟುವುದಿಲ್ಲ, ಪಕ್ಕದ ಕನ್ನಡದ ಕೂಲಿಯವನ ಜೊತೆ ಸೇರಿ ಸೊಲ್ಲೆತ್ತುವುದಿಲ್ಲ. ಆದ್ದರಿಂದಲೇ ಕೆಲವು ಕಂಟ್ರಾಕ್ಟರುಗಳಿಗೆ ಅವನೇ ಇಷ್ಟ. ರಾಯಚೂರಿನಿಂದ, ಕಲಬುರಗಿಯಿಂದ ಬಂದ ನಮ್ಮ ಕೂಲಿಯವನಿಗೆ ‘ನೀನು ಜಾಸ್ತಿ ಮಾತಾಡ್ತೀಯ’ ಎಂದು ಬಾಗಿಲು ತೋರಿಸುತ್ತಾರೆ. ಬಿಹಾರದವನ ಬಾಯಿಗೆ ಕನ್ನಡ ಬಂದ ದಿನ ರಾಯಚೂರಿನವನ ಕೂಲಿಗೂ ಬೆಲೆ ಬರುತ್ತದೆ. ಕನ್ನಡಿಗರಿಗೆ ಕೆಲಸ ಎಂದು ಕೂಗುವವರು ಇದನ್ನು ಯಾಕೆ ಯೋಚಿಸುವುದಿಲ್ಲ?

‘ಸರ್ಕಾರ ಮಾಡಲಿ’ ಎನ್ನುತ್ತೀರಿ. ಮಾಡಲಿ, ಕಾಲರ್ ಹಿಡಿದು ಮಾಡಿಸೋಣ. ಕನ್ನಡ ಅಭಿವೃದ್ಧಿ ಪ್ರಾಧಿಕಾರ ಕನ್ನಡೇತರರಿಗೆ ಕಲಿಕಾ ಕೇಂದ್ರ ನಡೆಸುತ್ತದೆ, ಅದು ಇನ್ನೂ ನೂರು ಪಟ್ಟು ಆಗಲಿ ಎಂದು ಕೇಳೋಣ. ನಾಮಫಲಕದಲ್ಲಿ ಶೇಕಡಾ ೬೦ ಕನ್ನಡ ಇರಬೇಕು ಎಂದು ೨೦೨೪ರಲ್ಲಿ ಕಾಯ್ದೆ ತಿದ್ದಿಸಿದ್ದೇವೆ. ಸಂತೋಷ. ಆದರೆ ಆ ಬೋರ್ಡು ಓದಲು ಬಾರದವನಿಗೆ ಅದು ಬರೀ ಬಣ್ಣ. ಅಕ್ಷರಕ್ಕೆ ಜಾಗ ಗೆದ್ದಿದ್ದೇವೆ, ಓದುವವನನ್ನು ಗೆಲ್ಲಬೇಕಲ್ಲ! ಕಲಿಯಿರಿ ಎಂದು ಹೇಳಿ ಕಲಿಸುವ ದುಡ್ಡಿಗೆ ಕತ್ತರಿ ಹಾಕುವುದು ಸರ್ಕಾರಗಳ ಹಳೆಯ ಚಾಳಿ. ಇಂಗ್ಲೆಂಡಿನಲ್ಲಿ ‘ಬಂದವರು ಇಂಗ್ಲಿಷ್ ಕಲಿಯಲೇಬೇಕು’ ಎಂಬ ಭಾಷಣ ಜೋರಾಗಿದ್ದಾಗಲೇ, ೨೦೦೭ರಲ್ಲಿ, ಎಲ್ಲರಿಗೂ ಪುಕ್ಕಟೆಯಾಗಿದ್ದ ತರಗತಿಗೆ ಬಹಳ ಮಂದಿ ಶುಲ್ಕ ಕಟ್ಟುವಂತೆ ಮಾಡಿದರು. ಆದ್ದರಿಂದ ಸರ್ಕಾರವನ್ನು ಕೇಳುತ್ತಲೇ ನಮ್ಮ ಕೈಲಾದದ್ದನ್ನು ನಾವು ಶುರು ಮಾಡಬೇಕು.

‘ದೊಡ್ಡವರಿಗೆ ಬರೋದಿಲ್ಲ’ ಎಂಬ ಸುಳ್ಳು

ಇದೂ ಒಂದು ಸಬೂಬು. ವಯಸ್ಸಾದ ಮೇಲೆ ನಾಲಗೆ ತಿರುಗುವುದಿಲ್ಲವಂತೆ! ೧೮೫೩ರಲ್ಲಿ ಇಪ್ಪತ್ತೊಂದು ವರ್ಷದ ಜರ್ಮನ್ ಯುವಕನೊಬ್ಬ ಈ ನೆಲಕ್ಕೆ ಬಂದ. ಫರ್ಡಿನೆಂಡ್ ಕಿಟೆಲ್. ಬಂದದ್ದು ಮತಪ್ರಚಾರಕ್ಕೆ. ೧೮೯೪ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಿಂದ ಹೊರಬಂದ ಅವನ ಕನ್ನಡ ನಿಘಂಟಿನಲ್ಲಿ ಸುಮಾರು ೭೦,೦೦೦ ಪದಗಳಿವೆ. ಅಚ್ಚುಮೊಳೆ ಒಂದೊಂದಾಗಿ ಜೋಡಿಸಿದ ಕಾಲದ ಆ ಪುಸ್ತಕ ನೋಡಿದರೆ ಮುದ್ರಕನಾದ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಮದರಾಸಿನಲ್ಲಿ ಕಂಪನಿ ಸರ್ಕಾರ ೧೮೧೨ರಲ್ಲಿ ತನ್ನ ಅಧಿಕಾರಿಗಳಿಗೆ ದಕ್ಷಿಣದ ಭಾಷೆ ಕಲಿಸಲು ಕಾಲೇಜೇ ತೆಗೆದಿತ್ತು. ನಮ್ಮನ್ನು ಆಳಲು ಬಂದವರು ಕೂಡ ಪುಸ್ತಕ, ಪಾಠ, ಮೇಷ್ಟರು ಎಲ್ಲ ಇದ್ದದ್ದರಿಂದ ಕನ್ನಡ ಕಲಿತರು. ಪಾಠ ಇದ್ದರೆ ಯಾರಿಗಾದರೂ ಬರುತ್ತದೆ.

ಅದೂ ಇಲ್ಲಿಗೆ ಬರುವವರಿಗೆ ಕನ್ನಡ ಕಷ್ಟವೇ ಅಲ್ಲ. ಪೋಲೆಂಡಿನವನಿಗೆ ಇಂಗ್ಲಿಷ್ ಕಲಿಸಿದ್ದಕ್ಕಿಂತ ಬಿಹಾರದವನಿಗೆ ಕನ್ನಡ ಕಲಿಸುವುದು ಎಷ್ಟೋ ಸಲೀಸು. ಅವನ ಮಾತಿನಲ್ಲೂ ಕ್ರಿಯಾಪದ ಕೊನೆಗೇ ಬರುತ್ತದೆ. ‘ಮುಝೇ ಪಾನಿ ಚಾಹಿಯೇ’ ಎಂಬುದನ್ನು ಪದಕ್ಕೆ ಪದ ಇಟ್ಟರೆ ‘ನನಗೆ ನೀರು ಬೇಕು’. ತಿರುವು ಮುರುವು ಏನೂ ಇಲ್ಲ! ಅರ್ಜಿ, ಬಾಕಿ, ತಾರೀಖು, ರಸೀದಿ, ಮಾಲೀಕ, ವಸೂಲಿ... ಇವು ಎರಡೂ ಕಡೆ ಇರುವ ಮಾತುಗಳೇ. ಅರ್ಧ ದಾರಿ ಅವನು ಆಗಲೇ ಬಂದಿದ್ದಾನೆ.

ನಮ್ಮ ಬೈಂಡಿಂಗಿಗೆ ಒಡಿಶಾದಿಂದ ಬಂದ ಒಬ್ಬ ಹುಡುಗ ಇದ್ದಾನೆ. ಅವನಿಗೆ ಯಾರೂ ಅಆಇಈ ಕಲಿಸಲಿಲ್ಲ. ಹಾಳೆ, ಕಟ್ಟು, ಮಡಚು, ಎಣಿಸು, ಗೋಂದು ಹಚ್ಚು, ಪಿನ್ ಹೊಡೆ. ಕೆಲಸ ಮಾಡುತ್ತಾ ಮಾಡುತ್ತಾ ಮಾತು ಕೊಟ್ಟೆವು. ಈಗ ಪೇಪರ್ ಅಂಗಡಿಯವನ ಹತ್ತಿರ ಕನ್ನಡದಲ್ಲೇ ಜಗಳ ಆಡಿ ರೀಮಿನ ರೇಟು ಇಳಿಸಿಕೊಂಡು ಬರುತ್ತಾನೆ. ಚೌಕಾಸಿ ಮಾಡುವಷ್ಟು ಭಾಷೆ ಬಂದರೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಇನ್ನೇನು ಬೇಕು?

ಪಾಠ ಹೇಗಿರಬೇಕು?

ವಲಸಿಗರಿಗೆ ಇಂಗ್ಲಿಷ್ ಕಲಿಸಿ ಪಳಗಿದವರು ಪಾಠ ಕಟ್ಟುವ ರೀತಿ ಏನು ಗುಟ್ಟಿನದಲ್ಲ. ಅದನ್ನೇ ಕನ್ನಡಕ್ಕೆ ಹೊಂದಿಸಿ ಹೇಳುತ್ತೇನೆ.

ಮೊದಲು ವಿಚಾರಿಸಿ, ಆಮೇಲೆ ಪಾಠ. ಯಾರು ಬರುತ್ತಾರೆ, ಏನು ಕೆಲಸ, ಯಾವ ಹೊತ್ತು ಬಿಡುವು, ತಮ್ಮ ಭಾಷೆಯನ್ನಾದರೂ ಓದಲು ಬರೆಯಲು ಬರುತ್ತದೆಯೇ? ಅಕ್ಷರವೇ ಗೊತ್ತಿಲ್ಲದವನನ್ನೂ ಡಿಗ್ರಿ ಆದವನನ್ನೂ ಒಂದೇ ಬೆಂಚಿನಲ್ಲಿ ಕೂರಿಸಿದರೆ ಇಬ್ಬರೂ ಎರಡನೇ ವಾರ ಬರುವುದಿಲ್ಲ.

ಕಿವಿ ಮೊದಲು, ಬಾಯಿ ಆಮೇಲೆ, ಅಕ್ಷರ ಕೊನೆಗೆ. ಮೊದಲ ದಿನವೇ ಐವತ್ತರ ಹತ್ತಿರದಷ್ಟು ಅಕ್ಷರ ಬೋರ್ಡಿನ ಮೇಲೆ ಬರೆದು ಹೆದರಿಸಬೇಡಿ. ನಾಲ್ಕೈದು ವಾರ ಮಾತು ಆದ ಮೇಲೆ ಬಸ್ಸಿನ ಬೋರ್ಡಿನಿಂದ, ಬೀದಿಯ ಹೆಸರಿನಿಂದ ಅಕ್ಷರ ಶುರು ಮಾಡಿ.

ಪುಸ್ತಕದ ಕನ್ನಡ ಬೇಡ. ‘ನಾನು ಹೋಗುತ್ತೇನೆ’ ಎಂದು ಕಲಿತು ಬೀದಿಗೆ ಬಂದರೆ ಅಲ್ಲಿ ‘ಹೋಗ್ತೀನಿ’. ಪಾಪ, ತಾನು ಕಲಿತದ್ದು ಯಾವ ಭಾಷೆ ಎಂದು ಅವನಿಗೇ ಅನುಮಾನ. ಬೀದಿಯಲ್ಲಿ ಕೇಳುವ ಮಾತನ್ನೇ ಕೊಡಿ.

ಸುಲಭದ ತುದಿಯಿಂದ ಹಿಡಿಯಿರಿ. ಬೇಕು, ಬೇಡ, ಸಾಕು, ಗೊತ್ತು, ಗೊತ್ತಿಲ್ಲ, ಆಗುತ್ತೆ, ಆಗಲ್ಲ. ಇವುಗಳ ಚಂದ ನೋಡಿ. ನನಗೆ ಬೇಕು, ನಿಮಗೆ ಬೇಕು, ಅವರಿಗೆ ಬೇಕು; ‘ಬೇಕು’ ಬದಲಾಗುವುದೇ ಇಲ್ಲ. ಇದರ ಜೊತೆ ಎಷ್ಟು, ಎಲ್ಲಿ, ಯಾವಾಗ, ಏನು, ಯಾರು ಎಂಬ ಐದು ಪ್ರಶ್ನೆ ಸೇರಿಸಿ. ಇಷ್ಟರಲ್ಲೇ ಮನುಷ್ಯ ಒಂದು ದಿನ ಬದುಕಬಹುದು.

ಬಹುವಚನ ಕಲಿಸಿ. ‘ಇವರಿಗೆ ಮರ್ಯಾದೆ ಗೊತ್ತಿಲ್ಲ, ದೊಡ್ಡವರಿಗೂ ನೀನು ತಾನು ಅಂತಾರೆ’ ಎಂದು ಸಿಡುಕುತ್ತೀರಲ್ಲ, ಅವನು ಅದನ್ನು ಎಲ್ಲಿ ಕಲಿತ? ನಮ್ಮ ಬಾಯಿಂದಲೇ! ನಾವು ಅವನಿಗೆ ಹೇಳಿದ್ದೆಲ್ಲ ‘ಬಾ, ಹೋಗು, ತಗೊಂಬಾ, ಎತ್ತು’. ಅವನ ಕಿವಿಗೆ ಬಿದ್ದದ್ದು ಏಕವಚನ ಮಾತ್ರ, ಬಾಯಿಂದ ಬರುವುದೂ ಅದೇ. ‘ಬನ್ನಿ, ಕೂತ್ಕೊಳ್ಳಿ, ನಿಮ್ಮ ಹೆಸರೇನು?’ ಎಂದು ಅವನನ್ನು ಕರೆಯಿರಿ. ನಾಳೆ ನಿಮ್ಮ ಅಪ್ಪನಿಗೆ ಅವನು ‘ಬನ್ನಿ ಸ್ವಾಮಿ’ ಎನ್ನುತ್ತಾನೆ.

‘ಅರ್ಥವಾಯ್ತಾ?’ ಎಂದು ಕೇಳಬೇಡಿ. ಎಲ್ಲರೂ ತಲೆ ಆಡಿಸುತ್ತಾರೆ. ‘ಮೂರು ಲೋಟ ಈ ಕಡೆ ಇಡಿ’ ಎಂದು ಹೇಳಿ ನೋಡಿ. ಇಟ್ಟರೆ ಅರ್ಥವಾಗಿದೆ.

ನಗಬೇಡಿ. ನಮ್ಮ ಸಿನಿಮಾಗಳಲ್ಲಿ ಸೇಟು ಬಾಯಿ ಬಿಟ್ಟರೆ ಸಾಕು, ಥಿಯೇಟರೆಲ್ಲ ಗೊಳ್ಳೆನ್ನುತ್ತದೆ. ತಪ್ಪು ಕನ್ನಡ ಆಡಿದವನನ್ನು ನಕ್ಕು ಬಾಯಿ ಮುಚ್ಚಿಸುವುದು, ಆಮೇಲೆ ‘ಕನ್ನಡ ಮಾತಾಡಲ್ಲ’ ಎಂದು ಬೈಯುವುದು! ಇದು ಯಾವ ಊರಿನ ನ್ಯಾಯ?

ಎಲ್ಲಕ್ಕಿಂತ ಮುಖ್ಯ, ಅವನು ಹರಕು ಮುರುಕು ಕನ್ನಡದಲ್ಲಿ ಕೇಳಿದರೆ ನೀವು ಹಿಂದಿಯಲ್ಲಿ ಉತ್ತರ ಕೊಡಬೇಡಿ. ಆಟೋದವನಿಂದ ಆಫೀಸಿನವನವರೆಗೆ ನಮ್ಮವರಿಗೆ ಹರಕು ಹಿಂದಿಯ ಚಪಲ. ತರಗತಿಯಲ್ಲಿ ಕಲಿತ ಮಾತಿಗೆ ಬೀದಿಯಲ್ಲಿ ಗಿರಾಕಿಯೇ ಇಲ್ಲದಿದ್ದರೆ ಆ ಮಾತು ವಾರದೊಳಗೆ ಸಾಯುತ್ತದೆ.

ಹತ್ತು ಭಾನುವಾರ ಸಾಕು

ಪಿಎಚ್‌ಡಿ ಬೇಡ, ಕಟ್ಟಡ ಬೇಡ. ಒಂದು ದೇವಸ್ಥಾನದ ಜಗುಲಿ, ಒಂದು ಶಾಲೆಯ ಕೋಣೆ, ಕಟ್ಟಡ ಕಟ್ಟುವ ಜಾಗದ ತಗಡಿನ ಶೆಡ್ಡು, ಯಾವುದಾದರೂ ಆದೀತು. ಅವರನ್ನು ನಮ್ಮಲ್ಲಿಗೆ ಕರೆಯುವುದಕ್ಕಿಂತ ಅವರಿರುವಲ್ಲಿಗೆ ನಾವು ಹೋಗುವುದು ಮೇಲು. ಹೆಂಗಸರು ಬರಬೇಕಾದರೆ ಮಕ್ಕಳನ್ನು ಆಡಿಸಲು ನಿಮ್ಮಲ್ಲೇ ಇಬ್ಬರು ನಿಲ್ಲಬೇಕು. ಒಂದು ಭಾನುವಾರಕ್ಕೆ ಒಂದೂವರೆ ಗಂಟೆ, ಒಂದೇ ವಿಷಯ, ಹತ್ತರ ಮೇಲೆ ಹೊಸ ಮಾತು ಬೇಡ. ಮೊದಲ ಕಾಲು ಗಂಟೆ ಹಿಂದಿನ ವಾರದ್ದು. ಕೊನೆಯ ಅರ್ಧ ಗಂಟೆ ಇಬ್ಬಿಬ್ಬರೇ ಕೂತು ಮಾತಾಡಬೇಕು, ನೀವು ಬಾಯಿ ಮುಚ್ಚಿಕೊಂಡಿರಬೇಕು.

೧. ಹೆಸರು, ಊರು, ಫೋನ್ ನಂಬರು.
೨. ಅಂಗಡಿ: ಬೇಕು, ಬೇಡ, ಎಷ್ಟು, ಸಾಕು.
೩. ಎಣಿಕೆ ಮತ್ತು ದುಡ್ಡು: ಅರ್ಧ, ಒಂದೂವರೆ, ಚಿಲ್ಲರೆ.
೪. ಬಸ್ಸು ಮತ್ತು ದಾರಿ: ಎಡಕ್ಕೆ, ಬಲಕ್ಕೆ, ನೇರ, ಇಳೀತೀನಿ.
೫. ಹೊತ್ತು: ನಿನ್ನೆ, ಇವತ್ತು, ನಾಳೆ, ಎಷ್ಟು ಗಂಟೆಗೆ.
೬. ಕೆಲಸದ ಜಾಗ: ಎತ್ತಿ, ಇಳಿಸಿ, ನಿಲ್ಲಿಸಿ, ಹುಷಾರು!
೭. ಕೂಲಿ: ಎಷ್ಟು ದಿನದ್ದು, ಬಾಕಿ ಎಷ್ಟು, ಯಾವಾಗ ಕೊಡ್ತೀರಿ?
೮. ಆಸ್ಪತ್ರೆ: ಎಲ್ಲಿ ನೋವು, ಎಷ್ಟು ದಿನದಿಂದ, ಜ್ವರ, ಮಾತ್ರೆ.
೯. ಬಾಡಿಗೆ ಮನೆ: ನೀರು, ಕರೆಂಟು, ಅಡ್ವಾನ್ಸು, ಪಕ್ಕದ ಮನೆಯವರು.
೧೦. ಮಕ್ಕಳ ಶಾಲೆ: ಸೇರಿಸಬೇಕು, ಯಾವ ಕ್ಲಾಸು, ಮೇಡಂ ಇದ್ದಾರಾ?

ಆರನೇ ಪಾಠ ಮತ್ತೊಮ್ಮೆ ಓದಿ. ಮೇಲಿನಿಂದ ಕಬ್ಬಿಣ ಬೀಳುವಾಗ ‘ಸರೀರಿ!’ ಎಂದು ಕೂಗಿದರೆ ಅವನಿಗೆ ಅರ್ಥವಾಗದಿದ್ದರೆ? ಎಂಟನೇ ಪಾಠ ಓದಿ. ಸುಡುವ ಜ್ವರದ ಮಗುವನ್ನು ಎತ್ತಿಕೊಂಡು ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಂತ ತಾಯಿಗೆ ‘ಮೂರು ದಿನದಿಂದ’ ಎಂದು ಹೇಳಲು ಬಾರದಿದ್ದರೆ? ನಮಗೆ ಅಭಿಮಾನದ ಪ್ರಶ್ನೆ. ಅವರಿಗೆ ಜೀವದ ಪ್ರಶ್ನೆ. ಕಷ್ಟದ ಹೊತ್ತಿನಲ್ಲಿ ಕೈ ಹಿಡಿದ ಭಾಷೆಯನ್ನು ಯಾವ ಮನುಷ್ಯನೂ ಮರೆಯುವುದಿಲ್ಲ.

ಪಾಠದ ಪುಸ್ತಕಕ್ಕೆ ದುಡ್ಡೆಲ್ಲಿ ಎನ್ನುವವರಿಗೆ ನನ್ನ ಕಸುಬಿನ ಲೆಕ್ಕ ಹೇಳುತ್ತೇನೆ. ಒಂದು ರೀಮೆಂದರೆ ೫೦೦ ಹಾಳೆ. ಒಂದು ಡೆಮಿ ಹಾಳೆಯನ್ನು ಎರಡೂ ಬದಿ ಅಚ್ಚು ಹಾಕಿ ಎಂಟನೇ ಒಂದು ಅಳತೆಗೆ ಮಡಚಿದರೆ ೧೬ ಪುಟ. ಹತ್ತು ಪಾಠ, ಚಿತ್ರ, ಎಣಿಕೆ, ಅಕ್ಷರಮಾಲೆ ಎಲ್ಲ ಅದರಲ್ಲಿ ಕೂರುತ್ತದೆ. ಹಾಳಾಗುವ ನಾಲ್ಕು ಹಾಳೆ ಬಿಟ್ಟರೆ ಒಂದು ರೀಮಿಗೆ ಹತ್ತಿರ ಹತ್ತಿರ ೫೦೦ ಪುಸ್ತಿಕೆ! ಸರ್ಕಲ್ಲಿನಲ್ಲಿ ಎರಡು ದಿನ ನಿಂತು ಮೂರನೇ ದಿನ ಮೋರಿಗೆ ಬೀಳುವ ನಾಯಕರ ಫ್ಲೆಕ್ಸುಗಳಲ್ಲಿ ನಾಲ್ಕನ್ನು ಕಡಿಮೆ ಮಾಡಿ ಸಾಕು. ಪಾಠ ಬರೆದು ತನ್ನಿ, ಕಾಗದದ ದುಡ್ಡು ಕೊಡಿ, ನಮ್ಮ ಮೆಷಿನ್ನಿನ ಕೂಲಿ ಬೇಡ. ಇದು ಬಾಯಿಮಾತಲ್ಲ.

ಗೆಳೆಯರೇ, ತಮಿಳು ಮನೆಮಾತಿನ ಮಾಸ್ತಿ, ಮರಾಠಿ ಮನೆಮಾತಿನ ಬೇಂದ್ರೆ ಕನ್ನಡಕ್ಕೆ ಜ್ಞಾನಪೀಠ ತಂದರು ಎಂದು ವೇದಿಕೆ ಮೇಲೆ ಎದೆ ತಟ್ಟಿಕೊಳ್ಳುತ್ತೇವೆ. ಅಂಥ ಮನೆಗಳು ಕನ್ನಡದ ಮನೆಗಳಾದದ್ದು ಹೆದರಿಕೆಯಿಂದಲ್ಲ. ಅಕ್ಕಪಕ್ಕದವರು ಅವರನ್ನು ಕನ್ನಡದಲ್ಲಿ ಮಾತಾಡಿಸಿದರು, ಶಾಲೆ ಕಲಿಸಿತು, ಬೀದಿ ಬೆಳೆಸಿತು. ಇವತ್ತು ತಗಡಿನ ಶೆಡ್ಡಿನಲ್ಲಿ ಮಲಗಿರುವ ಆ ಕೂಲಿಯವನ ಕೂಸೂ ಈ ಊರಿನಲ್ಲೇ ಬೆಳೆಯುತ್ತದೆ. ಅದು ನಾಳೆ ಕನ್ನಡದಲ್ಲಿ ಕನಸು ಕಾಣಬೇಕೋ, ಕನ್ನಡ ಎಂದರೆ ಅಪ್ಪನನ್ನು ಬೀದಿಯಲ್ಲಿ ನಿಲ್ಲಿಸಿ ಗದರಿದ ಭಾಷೆ ಎಂದು ನೆನೆಯಬೇಕೋ?

ಕ್ಷಮೆ ಕೇಳಿಸುವ ವಿಡಿಯೋ ಮಾಡಿ ವಾಟ್ಸಾಪಿಗೆ ಬಿಡುವುದು ಐದು ನಿಮಿಷದ ಕೆಲಸ. ಅದರಿಂದ ಕನ್ನಡ ಕಲಿತವನು ಒಬ್ಬನನ್ನು ತೋರಿಸಿ. ಹತ್ತು ಭಾನುವಾರ ಬೆವರು ಸುರಿಸಿದರೆ ಇಪ್ಪತ್ತು ಜನ ಕನ್ನಡದಲ್ಲಿ ಬಾಯಿ ಬಿಡುತ್ತಾರೆ. ಒಂದು ವಾರ್ಡಿಗೆ ನೀವು ಐದು ಜನ ಸಾಕು. ಇಬ್ಬರು ಪಾಠಕ್ಕೆ, ಇಬ್ಬರು ಮಕ್ಕಳನ್ನು ಆಡಿಸುವುದಕ್ಕೆ, ಒಬ್ಬ ಶೆಡ್ಡಿನಿಂದ ಶೆಡ್ಡಿಗೆ ಹೋಗಿ ಕರೆದು ತರುವುದಕ್ಕೆ.

ಬರುವ ಭಾನುವಾರ ಬೆಳಿಗ್ಗೆ ನಿಮ್ಮ ಬೀದಿಯ ಕೊನೆಯ ಕಟ್ಟಡದ ಹತ್ತಿರ ಹೋಗಿ. ಬಾವುಟ ಆಮೇಲೆ ತನ್ನಿ. ಮೊದಲು ‘ನಮಸ್ಕಾರ, ನಿಮ್ಮ ಹೆಸರೇನು?’ ಎಂದು ಕೇಳಿ.

ಅದೇ ಮೊದಲನೇ ಪಾಠ. ಶುರು ಮಾಡಿ!